ನಾಲ್ಕು ಶನಿವಾರಗಳ ಗಡುವು

ಅಕ್ಟೋಬರ್ 10, 1983. ಸೋಮವಾರ. ಬೆಳಿಗ್ಗೆ.

ಕೋಚ್ ಹಬರ್ಡ್‌ಗೆ ಕೊಟ್ಟ ಮಾತು: ಐದು ವರ್ಷ. ಸಿಕ್ಕಿದ್ದು: ಎರಡೂ ತುಂಬಿಲ್ಲ, ಆಗಲೇ ಗುದ್ದಲಿ ಎತ್ತಿದ್ದಾರೆ.

ಮಾತು: ಅಭ್ಯಾಸಕ್ಕೆ ಹುಲ್ಲಿನ ಮೈದಾನ. ಸಿಕ್ಕಿದ್ದು: ಹಳೇ ಹತ್ತಿ ಗಿರಣಿಯ ಹಿಂದಿನ ಜಲ್ಲಿ ನೆಲ. ಬಿದ್ದ ಹುಡುಗ ಮೊಣಕೈಗೆ ಗಾಜಿನ ಚೂರು ಚುಚ್ಚಿಕೊಂಡೇ ಏಳ್ತಾನೆ.

ಮಾತು: ಐವರು ಸಹಾಯಕರು. ಸಿಕ್ಕಿದ್ದು: ಇಬ್ಬರು. ಅದರಲ್ಲಿ ಒಬ್ಬ ಬಸ್ಸಿನ ಡ್ರೈವರೂ ಹೌದು.

ಮಾತು: ಆಟದ ದಿನ ಡಾಕ್ಟರ್. ಸಿಕ್ಕಿದ್ದು: ಒಂದು ಐಸ್ ಪೆಟ್ಟಿಗೆ, ಎಚ್ಚರ ತಪ್ಪಿದವರ ಮೂಗಿಗೆ ಹಿಡಿಯೋ ಅಮೋನಿಯಾ.

ಮಾತು: ತಾಳ್ಮೆ. ಈ ಪದವನ್ನ ಕಾಲೇಜಿನ ಅಧ್ಯಕ್ಷ ಪ್ರಿಂಗಲ್ ತಾನೇ ಪ್ರಾರ್ಥನಾ ಮಂದಿರದಲ್ಲಿ ನಿಂತು ಹೇಳಿದ್ದು. ಮುಂದಿನ ಸಾಲಲ್ಲಿ ಕೂತು ಕೇಳಿದವಳು ನಾನು. ಜನ ಆಮೆನ್ ಅಂದಿದ್ದರು.

ಈ ವರ್ಷ ಐದು ಆಟ, ಐದೂ ಸೋಲು. ಮಧ್ಯಾಹ್ನ ಕ್ರೀಡಾ ಸಮಿತಿ ಸಭೆ. ಅಧ್ಯಾಪಕರ ಪರವಾಗಿ ನನ್ನದೊಂದು ವೋಟು. ಇತಿಹಾಸ ಪಾಠ ಮಾಡೋಳಿಗೆ ಹೆಲ್ಮೆಟ್ ಹಾಕಿ ಬಡಿದಾಡೋ ಫುಟ್‌ಬಾಲ್ ಯಾಕೆ ಅಂತ ಕೇಳ್ತಾರೆ. ಮಿಸಿಸಿಪ್ಪಿಯ ಈ ಊರಲ್ಲಿ ಕರಿಯರ ಕೈಗೆ ಅಂತ ಇರೋದು ಮೂರು — ಚರ್ಚು, ಈ ಕಾಲೇಜು, ಶನಿವಾರದ ಆಟ. ಮೂರನ್ನೂ ನಮ್ಮವರೇ ನಮ್ಮವರ ಕುತ್ತಿಗೆಗೆ ಕಟ್ಟಿದಾಗ ಅದೂ ಇತಿಹಾಸವೇ.


ಅದೇ ದಿನ. ಸಂಜೆ.

ಗೆದ್ದೆ. ಅರ್ಧ.

ಬ್ಲೆಡ್ಸೊ ಶುರು ಮಾಡಿದ. ಊರಿನ ಹೆಣ ಹೂಳೋ ವ್ಯಾಪಾರ ಅವನದು, ತಂಡದ ಪೋಷಕರ ಸಂಘಕ್ಕೂ ಅವನೇ ಯಜಮಾನ. ಹುಡುಗರ ಸಮವಸ್ತ್ರ ಅವನು ಕೊಡಿಸಿದ್ದು. ಬೆನ್ನ ಮೇಲೆ ಅವನ ಅಂಗಡಿ ಹೆಸರು ಹಾಕಿಸಿಲ್ಲ ಅನ್ನೋದೇ ದೊಡ್ಡದು. ಒಂದೇ ಚರ್ಚಿನವರು, ಹಾಗಾಗಿ ಬ್ರದರ್, ಸಿಸ್ಟರ್ ಅಂತಲೇ ಮಾತು.

“ಸಿಸ್ಟರ್ ಪಿಕೆಟ್, ನನ್ನ ಕಸುಬಲ್ಲಿ ಒಂದು ಮಾತಿದೆ. ಸತ್ತಿದ್ದನ್ನ ಬೇಗ ಹೂಳಬೇಕು. ಇಟ್ಕೊಂಡಷ್ಟೂ ಮನೆಯೋರಿಗೇ ಕಷ್ಟ.”

“ಬ್ರದರ್ ಬ್ಲೆಡ್ಸೊ, ನಿಮ್ಮ ಕಸುಬಲ್ಲಿ ಉಸಿರಾಡ್ತಿದೆಯಾ ಅಂತ ಮೊದಲು ನೋಡೋದಿಲ್ವಾ?”

ಎಲ್ಲರೂ ನಕ್ಕರು. ಅವನೂ ನಕ್ಕ. ಅವನು ನಕ್ಕಾಗ ಹಲ್ಲು ಕಾಣಲ್ಲ, ಎದುರಿಗಿದ್ದೋರ ಉದ್ದ ಅಗಲ ಅಳೀತಿರೋ ಕಣ್ಣು ಕಾಣುತ್ತೆ.

ಕೊಟ್ಟ ಮಾತನ್ನೆಲ್ಲ ಓದಿದೆ. ಒಂದೊಂದಾಗಿ. ಅರವತ್ತನಾಲ್ಕರಲ್ಲಿ ಜಿಲ್ಲಾ ಕಚೇರಿ ಮೆಟ್ಟಿಲ ಮೇಲೆ ವೋಟಿನ ಹಕ್ಕಿಗೆ ನಿಂತಾಗ ಕಲಿತಿದ್ದು: ಮೊದಲು ಬೇಡಿಕೆ ಓದು, ಆಮೇಲೆ ಕೂರು. ಪ್ರಿಂಗಲ್ ಕನ್ನಡಕ ಒರೆಸಿಕೊಂಡ. “ಐದು ವರ್ಷ ಅಂದ್ರೆ ಐದು ವರ್ಷ ಸೋಲು ಅಂತಲ್ಲ, ಮಿಸ್ ಪಿಕೆಟ್. ಹೋಮ್‌ಕಮಿಂಗ್‌ಗೆ ಹಳೇ ವಿದ್ಯಾರ್ಥಿಗಳು ದೇಶದ ಮೂಲೆಮೂಲೆಯಿಂದ ಬರ್ತಾರೆ. ಅವರ ಕಣ್ಣೆದುರು ಸೋಲಬಾರದು.”

ಆಗ ನಾನೇ ಅಂದೆ. “ಹಾಗಿದ್ರೆ ಅಲ್ಲೀವರೆಗಾದರೂ ಕೊಡಿ. ನವೆಂಬರ್ ಐದು. ಆ ದಿನ ಗೆದ್ದರೆ ಉಳೀಲಿ, ಸೋತರೆ ನಾನೂ ಬಾಯಿ ಬಿಡಲ್ಲ.”

ನಾಲ್ಕು ಶನಿವಾರ. ಕೈಗಳು ಮೇಲೆದ್ದವು. ಬ್ಲೆಡ್ಸೊದೂ ಎದ್ದಿತು. ಅವನ ಕೈ ಅಷ್ಟು ಸಲೀಸಾಗಿ ಎದ್ದಿದ್ದು ಯಾಕೆ ಅಂತ ಹೊಳೀತಿಲ್ಲ. ಮನೆಗೆ ಬಂದು ಬೀನ್ಸ್ ಬೇಯಿಸ್ತಾ ಹಾಡಿಕೊಂಡೆ.


ಅಕ್ಟೋಬರ್ 16. ಭಾನುವಾರ.

ನಿನ್ನೆ ಮತ್ತೆ ಸೋಲು. ಹದಿನಾಲ್ಕು ಅಂಕದಿಂದ.

ಚರ್ಚಲ್ಲಿ ಪಾದ್ರಿ ಉಪದೇಶ ಮುಗಿಸಿ ಅಂದರು: “ಬ್ರದರ್ ಹಬರ್ಡ್, ಮುಂದೆ ಬನ್ನಿ. ನಿಮಗಾಗಿ ಪ್ರಾರ್ಥಿಸೋಣ.” ಕೋಚ್ ಕೂತಲ್ಲೇ ಕಲ್ಲಾದರು. ಹಿಂದಿನ ಕೋಚ್‌ಗೂ ಹೀಗೇ ತಲೆ ಮೇಲೆ ಕೈಯಿಟ್ಟಿದ್ದರು. ಆಮೇಲೆ ಅವರು ಒಂದು ತಿಂಗಳೂ ಇರಲಿಲ್ಲ. ಪಿಯಾನೋ ಬಾರಿಸೋ ಹೆಂಗಸಿಗೂ ಗೊತ್ತಿತ್ತು, ರಾಗ ಸ್ವಲ್ಪ ತಡವರಿಸಿತು.

ಅಷ್ಟು ದೊಡ್ಡ ಮನುಷ್ಯ ಮಂಡಿಯೂರಿದರು. ಮೊದಲ ಕೈ ಬ್ಲೆಡ್ಸೊದು. ಹೆಗಲ ಮೇಲಲ್ಲ. ತಲೆ ಮೇಲೆ.


ಅಕ್ಟೋಬರ್ 19. ಬುಧವಾರ.

ಕೋಚ್ ಮನೆಗೆ ಹೋಗಿದ್ದೆ. ಹೆಂಡತಿ ಅರ್ಲೀನ್ ಬಾಗಿಲು ತೆಗೆದವಳು ನನ್ನ ಕೈ ನೋಡಿದಳು.

“ಕೇಕ್ ತಂದಿಲ್ಲ ತಾನೆ, ಸಿಸ್ಟರ್?”

ಊಟದ ಮೇಜಿನ ಮೇಲೆ ನಾಲ್ಕು ಬೆಣ್ಣೆ ಕೇಕು. ಒಂದು ಪಾತ್ರೆ ಮ್ಯಾಕರೋನಿ. ಒಂದು ಹ್ಯಾಮ್, ಲವಂಗ ಚುಚ್ಚಿದ ಹಂದಿ ತೊಡೆ. ನಮ್ಮಲ್ಲಿ ಯಾರಾದರೂ ತೀರಿಹೋದ ಮನೆಗೆ ಹೆಂಗಸರು ತರೋದು ಇವನ್ನೇ, ಇದೇ ಕ್ರಮದಲ್ಲಿ. ಪಾತ್ರೆ ತಳಕ್ಕೆ ಅಂಟುಪಟ್ಟಿ, ಅದರ ಮೇಲೆ ಹೆಸರು — ತೊಳೆದು ವಾಪಸ್ ಕೊಡೋಕೆ.

“ಸೋಮವಾರದಿಂದ ಬರ್ತಾನೇ ಇವೆ,” ಅಂದಳು. “ಒಬ್ಬಳೂ ಬಾಯಿ ಬಿಟ್ಟು ಹೇಳಲ್ಲ. ಕೈ ಅದುಮಿ, ಕಣ್ಣೊರೆಸ್ಕೊಂಡು ಹೋಗ್ತಾರೆ. ನಮ್ಮನೆಯವರು ಒಳಗೆ ಕೂತು ಶನಿವಾರದ ಆಟದ ಫಿಲಂ ನೋಡ್ತಿದ್ರೆ, ಇಲ್ಲಿ ನಾನು ಅವರ ತಿಥಿ ಊಟ ಜೋಡಿಸ್ತಿದೀನಿ. ತಿಂದು ಹೋಗಿ. ಹ್ಯಾಮ್ ಚೆನ್ನಾಗಿದೆ.”

ತಿಂದೆ. ಚೆನ್ನಾಗೇ ಇತ್ತು.

ಹೊರಡುವಾಗ ನೋಡಿದೆ — ಅಂಗಳದಲ್ಲಿ ಯಾರೋ ಬೋರ್ಡ್ ನೆಟ್ಟಿದ್ದಾರೆ. ‘ಮನೆ ಮಾರಾಟಕ್ಕಿದೆ.’ ಮನೆ ಕಾಲೇಜಿನದು. ಜಾಗ ಖಾಲಿ ಮಾಡು ಅನ್ನೋದಕ್ಕೆ ಈ ಊರಿನ ತಮಾಷೆ. ಕಿತ್ತು ನನ್ನ ಕಾರಿನ ಡಿಕ್ಕಿಗೆ ಹಾಕಿದೆ. ಅರ್ಲೀನ್ ಕಿಟಕಿಯಿಂದ ನೋಡ್ತಿದ್ದಳು. ಮೊನ್ನೆ ಎರಡು ಇದ್ದವಂತೆ.


ಅಕ್ಟೋಬರ್ 24. ಸೋಮವಾರ.

ಗೆದ್ದರು. ಈ ವರ್ಷದ ಮೊದಲ ಗೆಲುವು. ಲಮಾಂಟ್ ಸ್ಪೈವಿ ಗೆಲ್ಲಿಸಿದ.

ಚೆಂಡೆಸೆಯೋ ಹುಡುಗ, ಕ್ವಾರ್ಟರ್‌ಬ್ಯಾಕ್. ಎರಡನೇ ವರ್ಷ. ತಾಯಿ ಓಲಾ ಮೇ ಮೀನು ಕಾರ್ಖಾನೆಯಲ್ಲಿ ಮೀನು ಸೀಳ್ತಾಳೆ. ಬೇರೆ ಯಾವ ಕಾಲೇಜೂ ಇವನನ್ನ ತಿರುಗಿ ನೋಡಲಿಲ್ಲ. ಹಬರ್ಡ್ ಮೂರು ಸಲ ಮನೆಗೆ ಹೋಗಿ, ಓಲಾ ಮೇ ಅಡುಗೆಮನೆಯಲ್ಲಿ ಕೂತು ಕರೆತಂದರು. ನನ್ನ ಬೆಳಗಿನ ಕ್ಲಾಸಿನ ಹುಡುಗ. ಪ್ರಶ್ನೆ ಕೇಳಿ ತಲೆ ತಿನ್ನೋ ಜಾತಿ. ಅಂಥವರೇ ನನಗಿಷ್ಟ.

ಕೊನೇ ಎಸೆತದ ಮೇಲೆ ಇಬ್ಬರು ಬಂದು ಬಡಿದರು. ಹೆಲ್ಮೆಟ್ ಸಮೇತ ತಲೆ ನೆಲಕ್ಕೆ ಬಡಿದ ಸದ್ದು ನಾನು ಕೂತಲ್ಲಿಗೆ ಕೇಳಿಸಿತು. ಎದ್ದ. ಎದುರಾಳಿಗಳ ಗುಂಪಿನ ಕಡೆ ನಡೆದ. ಬೂಕರ್ — ಇವನ ಮುಂದೆ ಗೋಡೆಯಂತೆ ನಿಲ್ಲೋ ದಢೂತಿ ಹುಡುಗ — ಭುಜ ಹಿಡಿದು ತಿರುಗಿಸಿದ. ಜನ ನಕ್ಕರು.

ಇವತ್ತು ಕ್ಲಾಸಲ್ಲಿ ಲಮಾಂಟ್ ಕೇಳಿದ: “ಪರೀಕ್ಷೆ ಶುಕ್ರವಾರನಾ, ಮ್ಯಾಮ್?” ಹೌದು ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೈಯೆತ್ತಿದ. “ಪರೀಕ್ಷೆ ಶುಕ್ರವಾರನಾ, ಮ್ಯಾಮ್?” ಕ್ಲಾಸೆಲ್ಲ ನಗು. ನಾನೂ ನಕ್ಕೆ.


ಅಕ್ಟೋಬರ್ 31. ಸೋಮವಾರ.

ಮೊನ್ನೆಯೂ ಗೆಲುವು. ಪಟ್ಟಣದಲ್ಲಿ ಮಾತು ಬದಲಾಗಿದೆ. ಕ್ಷೌರದಂಗಡಿ ಮುಂದೆ: “ಹಬರ್ಡ್‌ಗೆ ಟೈಮ್ ಬೇಕಿತ್ತು ಅಷ್ಟೆ. ನಾನು ಮೊದಲಿಂದ ಹೇಳ್ತಿರಲಿಲ್ವಾ?” ಹೇಳಿದವನು ಬೋರ್ಡ್ ನೆಟ್ಟವರಲ್ಲಿ ಒಬ್ಬ ಅಂತ ನನ್ನ ಗುಮಾನಿ.

ಕೇಕು ಬರೋದು ನಿಂತಿದೆಯಂತೆ.

ಲಮಾಂಟ್ ಕ್ಲಾಸಿಗೆ ಕಪ್ಪು ಕನ್ನಡಕ ಹಾಕಿ ಬಂದ. ತೆಗಿ ಅಂದೆ. ತೆಗೆದ. ಬೆಳಕಿಗೆ ಕಣ್ಣು ಕಿವುಚಿದ, ನೀರು ಬಂತು. “ನೆಗಡಿ, ಮ್ಯಾಮ್.” ಶುಕ್ರವಾರದ ಪರೀಕ್ಷೆಯಲ್ಲಿ ಒಂದೇ ಉತ್ತರ ಎರಡು ಸಲ ಬರೆದಿದ್ದಾನೆ, ಅದೇ ಪದಗಳಲ್ಲಿ. ಕನ್ನಡಕ ಮತ್ತೆ ಹಾಕ್ಕೋ ಅಂದೆ.

ಕೋಚ್‌ಗೆ ಫೋನ್ ಮಾಡಿದೆ. “ನೋಡ್ಕೋತೀನಿ, ಮಿಸ್ ಪಿಕೆಟ್,” ಅಂದರು. ಇಟ್ಟರು.


ನವೆಂಬರ್ 5. ಶನಿವಾರ. ಹೋಮ್‌ಕಮಿಂಗ್.

ಕಂಡದ್ದನ್ನ ಕಂಡ ಹಾಗೆ ಬರೀತೀನಿ. ಹೊಟ್ಟೆಗೆ ಏನೂ ಹಾಕಿಲ್ಲ ಇನ್ನೂ.

ಬೆಳಿಗ್ಗೆಯಿಂದ ಮೀನು ಕರಿಯೋ ಹೊಗೆ. ಶಿಕಾಗೊದಿಂದ, ಡೆಟ್ರಾಯಿಟ್‌ನಿಂದ ಬಂದ ಕಾರುಗಳು. ಟೋಪಿ ಹಾಕಿದ ಮುದುಕಿಯರು ಒಬ್ಬರನ್ನೊಬ್ಬರು ಅಪ್ಪಿ ಅತ್ತರು. ಮೊದಲರ್ಧ ಮುಗಿದಾಗ ನಾವು ಹತ್ತು ಅಂಕ ಹಿಂದೆ.

ಮಧ್ಯಂತರಕ್ಕೆ ಬ್ಯಾಂಡ್. ನಮ್ಮ ಜನಕ್ಕೆ ಆಟ ಅಂದ್ರೆ ಬ್ಯಾಂಡ್ ಬರೋವರೆಗಿನ ಕಾಯುವಿಕೆ. ಹುಡುಗರ ಬ್ಯಾಂಡ್ ಮುಗೀತು. ಹಳಬರ ಬ್ಯಾಂಡ್ ಇಳೀತು — ಬೊಜ್ಜು, ಬೋಳುತಲೆ, ತುತ್ತೂರಿ ಸಮೇತ. ಬಿಡಲಿಲ್ಲ. ರೆಫರಿ ಗಡಿಯಾರ ತೋರಿಸಿ ಕೈ ಬೀಸಿದ. ಹೊತ್ತು ಮೀರಿದರೆ ದಂಡ ಬೀಳೋದು ನಮ್ಮ ತಂಡಕ್ಕೇ. ಪ್ರತಿ ವರ್ಷ ಬೀಳುತ್ತೆ, ಪ್ರತಿ ವರ್ಷ ಜನ ಆ ದಂಡಕ್ಕೂ ಚಪ್ಪಾಳೆ ಹೊಡೀತಾರೆ. ಮುದುಕರು ಇನ್ನೊಂದು ಹಾಡು ಎತ್ತಿಕೊಂಡರು.

ಬಹುಮಾನ ಕೊಡೋಕೆ ಅಂತ ಸಮಿತಿಯವರನ್ನ ಕೆಳಗೆ ಕರೆದಿದ್ದರು. ಕಾಯ್ತಾ ಕಾಯ್ತಾ ಬಿಸಿಲು ತಡೀಲಾರದೆ ಆಟಗಾರರು ಮೈದಾನಕ್ಕೆ ಬರೋ ಓಣಿಯ ನೆರಳಿಗೆ ಹೋದೆ. ಬ್ಯಾಂಡ್ ಅಷ್ಟು ಹೊತ್ತು ನುಡಿಸದಿದ್ರೆ ಹೋಗ್ತಿರಲಿಲ್ಲ. ನೋಡ್ತಿರಲಿಲ್ಲ.

ಲಮಾಂಟ್ ಗೋಡೆಗೆ ಒರಗಿ ಕೂತಿದ್ದ. ಬಕೆಟ್ ಮುಂದೆ. ವಾಂತಿ. ಕೋಚ್ ಎದುರಿಗೆ ಕುಕ್ಕರುಗಾಲಲ್ಲಿ.

“ಯಾರ ಜೊತೆ ಆಡ್ತಿದೀವಿ, ಮಗಾ?”

ಲಮಾಂಟ್ ಬಕೆಟ್ ನೋಡಿದ.

“ಇವತ್ತು ಯಾವ ವಾರ?”

“ಭಾನುವಾರ, ಕೋಚ್. ಅಮ್ಮ ಚರ್ಚಿಗೆ ಕಾಯ್ತಿದಾಳೆ. ಹೋಗ್ಲಾ?”

ಹೊರಗೆ ತುತ್ತೂರಿ. ನಗಾರಿ. ಕೋಚ್ ತಲೆಯೆತ್ತಿದರು, ನನ್ನನ್ನ ಕಂಡರು. ಕಣ್ಣು ತಪ್ಪಿಸಲಿಲ್ಲ. ನಾನು ಬಾಯಿ ತೆರೆದೆ — ತೆರೆದೆನಾ? ತೆರೆದೆ ಅಂತ ಅಂದುಕೊಳ್ತೀನಿ. ಕೋಚ್ ಅಮೋನಿಯಾ ಸೀಸೆ ಮುರಿದು ಹುಡುಗನ ಮೂಗಿಗೆ ಹಿಡಿದರು. ಅವನ ತಲೆ ಜರ್ರನೆ ಹಿಂದಕ್ಕೆ ಹೋಯಿತು. ಹೆಲ್ಮೆಟ್ ತಾವೇ ಹಾಕಿದರು, ಗಲ್ಲದ ಪಟ್ಟಿ ತಾವೇ ಬಿಗಿದರು. ಮಗುವಿಗೆ ಕುಲಾವಿ ಕಟ್ಟಿದ ಹಾಗೆ.

“ಬೂಕರ್ ಎಲ್ಲಿ ನಿಲ್ತಾನೋ ಅವನ ಹಿಂದೆ ನೀನು ನಿಲ್ಲು. ಅಷ್ಟೇ ನಿನ್ನ ಕೆಲಸ.”

ಗೆದ್ದೆವು. ಮೂರು ಅಂಕದಿಂದ. ಹುಡುಗನನ್ನ ಹೆಗಲ ಮೇಲೆ ಹೊತ್ತರು. ಅವನ ಕೈ ಎರಡೂ ಜೋತು ಬಿದ್ದಿದ್ದವು.


ನವೆಂಬರ್ 6. ಭಾನುವಾರ.

ಚರ್ಚಿಗೆ ಹೋಗಲಿಲ್ಲ. ಹೋದವರು ಹೇಳಿದರು: ಇಡೀ ಸಭೆ ಎದ್ದು ನಿಂತು ಕೋಚ್‌ಗೆ ಚಪ್ಪಾಳೆ. ಬ್ಲೆಡ್ಸೊ ತನ್ನ ದೊಡ್ಡ ಕಪ್ಪು ಕಾರಲ್ಲಿ ಅವರನ್ನ ಮನೆಗೆ ಬಿಟ್ಟನಂತೆ. ಹೆಣದ ಮನೆಯವರು ಅಳೋಕೆ ಕೂರೋ ಕಾರು ಅದು.


ನವೆಂಬರ್ 7. ಸೋಮವಾರ.

ಲಮಾಂಟ್ ಕ್ಲಾಸಿಗೆ ಬರಲಿಲ್ಲ. ಹಾಸ್ಟೆಲ್ಲಿಗೆ ಹೋದೆ. ಕಿಟಕಿಗೆ ಕಂಬಳಿ ಕಟ್ಟಿದ್ದಾರೆ. ಬೂಕರ್ ಬಾಗಿಲಲ್ಲಿ ಕೂತಿದ್ದ.

“ಬೆಳಕು ಬಿಟ್ರೆ ಕಿರುಚ್ತಾನೆ, ಮ್ಯಾಮ್.”

“ಆಸ್ಪತ್ರೆಗೆ ನಡಿ,” ಅಂದೆ ಲಮಾಂಟ್‌ಗೆ. “ಕಾರು ತಂದಿದೀನಿ.”

ಕತ್ತಲಿಂದ ದನಿ. “ಹೋಗಲ್ಲ, ಮ್ಯಾಮ್. ಹೋದ್ರೆ ಅಲ್ಲಿ ಆಡಬೇಡ ಅಂತ ಬರೆದುಕೊಡ್ತಾರೆ. ನಾನು ಆಡದಿದ್ರೆ ಕೋಚ್ ಹೋಗ್ತಾರೆ.”

“ಯಾರು ಹೇಳಿದ್ದು?”

“ಎಲ್ರಿಗೂ ಗೊತ್ತು. ನೀವೇ ಅಲ್ವಾ ಟೈಮ್ ಕೊಡಿಸಿದ್ದು. ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ.”

ಬೂಕರ್ ನನ್ನ ಕಡೆ ನೋಡಲಿಲ್ಲ. ನೆಲ ನೋಡ್ತಾ ಅಂದ: “ಅವನ ಮುಂದೆ ನಿಲ್ಲೋದು ನನ್ನ ಕೆಲಸ, ಮ್ಯಾಮ್. ಎಲ್ಲ ಕಡೆಯಿಂದಲೂ ಬರ್ತಿದ್ರೆ ಎಲ್ಲಿ ಅಂತ ನಿಲ್ಲಲಿ?”

ಓಲಾ ಮೇಗೆ ಫೋನ್ ಮಾಡಿದೆ, ಕಾರ್ಖಾನೆಯ ನಂಬರಿಗೆ. ಪಾಳಿ ಮುಗಿಯೋವರೆಗೆ ಕರೆಯಲ್ಲವಂತೆ. ಸುದ್ದಿ ಬಿಟ್ಟೆ. ಸಂಜೆ ವಾಪಸ್ ಮಾಡಿದಳು. “ಕೋಚ್ ಕೈಲಿ ಕೊಟ್ಟಿದೀನಿ, ಮಿಸ್ ಪಿಕೆಟ್. ಅವರು ನನ್ನ ಮೇಜಲ್ಲಿ ಕೂತು ಮಾತು ಕೊಟ್ಟಿದಾರೆ.” ಆಮೇಲೆ: “ಯಾಕೆ? ಏನಾಯ್ತು ನನ್ನ ಮಗನಿಗೆ?”

ಹೇಳಿದೆ.


ನವೆಂಬರ್ 8. ಮಂಗಳವಾರ.

ಓಲಾ ಮೇ ರಾತ್ರಿಯೇ ಮಗನನ್ನ ಮನೆಗೆ ಕರೆದೊಯ್ದಿದ್ದಳು. ಬೆಳಿಗ್ಗೆ ಅವಳು ಎದ್ದು ನೋಡಿದರೆ ಹಾಸಿಗೆ ಖಾಲಿ. ಹುಡುಗ ಯಾರದೋ ಟ್ರಕ್ ಹತ್ತಿ ಅಭ್ಯಾಸಕ್ಕೆ ವಾಪಸ್. ಜಲ್ಲಿ ನೆಲದ ಮೇಲೆ ಹೆಲ್ಮೆಟ್ ಹಿಡಿದು ನಿಂತಿದ್ದಾನೆ, ಹಾಕಿಲ್ಲ.

ಕೋಚ್ ಹತ್ತಿರ ಹೋದೆ. ಎಲ್ಲರಿಂದ ದೂರ, ಗಿರಣಿ ಗೋಡೆ ಪಕ್ಕ.

“ಇವನನ್ನ ಶನಿವಾರ ಆಡಿಸ್ತೀರಾ?”

“ಕೊನೇ ಆಟ. ಲೂಸಿಯಾನಾದಲ್ಲಿ. ಹೋಮ್‌ಕಮಿಂಗ್ ಒಂದೇ ಸಾಲದಂತೆ, ಇದನ್ನೂ ಗೆದ್ದರೆ ಮತ್ತೆ ಮೂರು ವರ್ಷ ಅಂತ ಪ್ರಿಂಗಲ್ ಹೇಳಿದಾರೆ.”

“ನಾನು ಕೇಳಿದ್ದು ಅದಲ್ಲ.”

“ಅದೇ, ಮಿಸ್ ಪಿಕೆಟ್. ಅದೊಂದೇ.” ಕೋಪವಿಲ್ಲದ ದನಿ, ಅದಕ್ಕೇ ಹೆದರಿಕೆಯಾಯಿತು. “ನೀವು ನನಗೆ ನಾಲ್ಕು ಶನಿವಾರ ಕೊಡಿಸಿದ್ರಿ. ಅದರಲ್ಲಿ ನಾನೇನು ಬೆಳೀತೀನಿ ಅಂದ್ಕೊಂಡಿದ್ರಿ? ತಂಡನಾ? ತಂಡ ಬೆಳೆಯೋಕೆ ವರ್ಷಗಳು ಬೇಕು. ನಾಲ್ಕು ಶನಿವಾರದಲ್ಲಿ ಇರೋದನ್ನ ಸುಡಬಹುದು ಅಷ್ಟೆ. ನನ್ನ ಹತ್ತಿರ ಸುಡೋಕೆ ಇದ್ದಿದ್ದು ಒಬ್ಬ ಹುಡುಗ.”

“ಅವನನ್ನ ನೀವೇ ಕರೆತಂದಿದ್ದು.”

“ಗೊತ್ತು. ನನಗೂ ರಾತ್ರಿ ನಿದ್ದೆ ಇಲ್ಲ. ಅರ್ಲೀನ್‌ಗೆ ಹೇಳಿಲ್ಲ.” ಹಣೆ ಒರೆಸಿಕೊಂಡರು. “ಆ ದಿನ ಓಣಿಯಲ್ಲಿ ನೀವು ಅಲ್ಲೇ ನಿಂತಿದ್ರಿ. ಬೇಡ ಅನ್ನಬಹುದಿತ್ತು. ಅಂದಿದ್ರೆ ಬಿಟ್ಟುಬಿಡ್ತಿದ್ದೆ. ಕಾದೆ ನಾನು.”

ತಿರುಗಿ ಹೋದರು. ಸೀಟಿ ಊದಿದರು. ಲಮಾಂಟ್ ಹೆಲ್ಮೆಟ್ ಹಾಕಿದ.


ನವೆಂಬರ್ 9. ಬುಧವಾರ.

ಪ್ರಿಂಗಲ್ ಕಚೇರಿ. ಬ್ಲೆಡ್ಸೊನೂ ಇದ್ದ, ಕರೆಯದೆ. ಕಂಡದ್ದನ್ನ ಹೇಳಿದೆ — ಬಕೆಟ್, ಭಾನುವಾರ, ಅಮೋನಿಯಾ. ತುರ್ತು ಸಭೆ ಕರೀರಿ, ಲೂಸಿಯಾನಾಗೆ ಬಸ್ ಹೊರಡೋ ಮೊದಲು, ಅಂದೆ.

ಪ್ರಿಂಗಲ್: “ಸಭೆ ಆಟದ ಮೇಲೆ. ಸೋಮವಾರ.”

ಬ್ಲೆಡ್ಸೊ: “ಸಿಸ್ಟರ್ ಪಿಕೆಟ್, ನಿಮ್ಮನ್ನ ಅರ್ಥ ಮಾಡ್ಕೊಳ್ಳೋದು ಕಷ್ಟ. ಆ ದಿನ ಕೋಚ್‌ನ ಉಳಿಸಿ ಅಂದ್ರಿ, ಕೈಯೆತ್ತಿದೆ. ಇವತ್ತು ತೆಗೀರಿ ಅಂತೀರಿ.”

“ತೆಗೀರಿ ಅನ್ನಲಿಲ್ಲ. ಹುಡುಗನನ್ನ ಆಡಿಸದೆ ಕೂರಿಸಿ ಅಂದೆ. ಸೋತರೂ ಕೋಚ್ ಉಳೀತಾರೆ ಅಂತ ಬರೆದುಕೊಡಿ ಅಂದೆ. ಐದು ವರ್ಷ ಅಂದ್ರೆ ಐದು ವರ್ಷ. ಡಾಕ್ಟರ್ ಅಂದ್ರೆ ಡಾಕ್ಟರ್.”

“ಎರಡೂ ಹೇಗಾಗುತ್ತೆ?” ಅಂದ ಬ್ಲೆಡ್ಸೊ, ಮೆತ್ತಗೆ. “ನೀವು ಕಂಡದ್ದು ನಿಜ ಅಂತಾದ್ರೆ ಹಬರ್ಡ್ ಇವತ್ತೇ ಹೋಗ್ತಾನೆ. ಇನ್ನೆಲ್ಲೂ ಕೆಲಸ ಸಿಗದ ಹಾಗೆ ಹೋಗ್ತಾನೆ. ಸಮಿತಿಗೆ ಏನೂ ಗೊತ್ತಿರಲಿಲ್ಲ ಅಂತ ನಾನೇ ಪತ್ರಿಕೆಗೆ ಹೇಳ್ತೀನಿ. ನಿಜ ಅಲ್ಲ ಅಂತಾದ್ರೆ ಶನಿವಾರ ಹುಡುಗ ಆಡ್ತಾನೆ, ಎಲ್ಲರೂ ಖುಷಿ. ನೀವೇ ಹೇಳಿ, ಯಾವುದು ಬೇಕು?”

ಮೊದಲ ದಿನ ಅವನ ಕೈ ಸಲೀಸಾಗಿ ಎದ್ದಿದ್ದು ಇದಕ್ಕೇ. ಗೆದ್ದರೆ ಅವನ ತಂಡ. ಕೆಟ್ಟರೆ ಕೋಚ್‌ನ ಪಾಪ. ಗುಂಡಿ ತೋಡೋಕೆ ನಾನೇ ಹಾರೆ ಕೊಟ್ಟೆ, ಮೇಲೆ ಬೇಡಿಕೆ ಅಂತ ಹೆಸರಿಟ್ಟೆ.

ಹೊರಗೆ ಬಂದೆ.


ನವೆಂಬರ್ 10. ಗುರುವಾರ. ಮಧ್ಯಾಹ್ನ.

ಹಾಸ್ಟೆಲ್ಲಿಗೆ ಹೋದೆ. ಬೂಕರ್, ಅವನ ಜೊತೆ ಲಮಾಂಟ್‌ಗೆ ಗೋಡೆಯಾಗಿ ನಿಲ್ಲೋ ನಾಲ್ವರು. ಐವರೂ ಸೇರಿದ್ರೆ ಕೋಣೆಯಲ್ಲಿ ಗಾಳಿಗೆ ಜಾಗವಿಲ್ಲ.

ಭಾಷಣ ಮಾಡಲಿಲ್ಲ. ಒಂದೇ ಮಾತು ಕೇಳಿದೆ: “ನೀವು ಬಸ್ ಹತ್ತದಿದ್ರೆ ಆಟ ನಡೆಯುತ್ತಾ?”

“ನಡೆಯಲ್ಲ, ಮ್ಯಾಮ್.”

“ಕೋಚ್‌ಗೆ ವಿರುದ್ಧ ಅಂತಾರೆ ಜನ.”

ಬೂಕರ್ ಅಂದ: “ಕೋಚ್‌ನ ನಾವು ಬಿಟ್ಟುಕೊಡಲ್ಲ. ಲಮಾಂಟ್‌ನೂ ಬಿಟ್ಟುಕೊಡಲ್ಲ. ಬಸ್ಸನ್ನ ಬಿಟ್ಟುಕೊಡ್ತೀವಿ.” ಇನ್ನೊಬ್ಬ ಅಂದ: “ಹೇಗೂ ಆ ಬಸ್ಸು ಲೂಸಿಯಾನಾ ಮುಟ್ಟಲ್ಲ ಬಿಡಿ.” ನಕ್ಕರು. ಲಮಾಂಟ್ ಕಂಬಳಿ ಕತ್ತಲಲ್ಲಿ ನಿದ್ದೆ ಮಾಡ್ತಿದ್ದ, ಬಾಯಿ ತೆರೆದು. ಉಸಿರು ನೋಡಿ ಬಂದೆ.


ಅದೇ ದಿನ. ಸಂಜೆ.

ಐವರು ಪ್ರಿಂಗಲ್ ಮನೆ ಮೆಟ್ಟಿಲ ಮೇಲೆ ಹೋಗಿ ಕೂತರಂತೆ. ಸುಮ್ಮನೆ. ಪಕ್ಕದಲ್ಲಿ ಓಲಾ ಮೇ, ಕಾರ್ಖಾನೆ ಬೂಟಲ್ಲೇ. ಅರ್ಧ ಗಂಟೆಗೆ ಪ್ರಿಂಗಲ್ ಫೋನ್. ಸಭೆ ಕರೆದಿದ್ದಾನೆ. ದನಿ ತಣ್ಣಗಿತ್ತು: “ಕಂಡದ್ದನ್ನ ಅಲ್ಲೇ ಹೇಳಿ, ಮಿಸ್ ಪಿಕೆಟ್. ಪೂರ್ತಿ ಹೇಳಿ. ಬ್ರದರ್ ಬ್ಲೆಡ್ಸೊ ಪತ್ರಿಕೆಯವರನ್ನೂ ಕರೆದಿದ್ದಾರೆ.”

ಆಮೇಲೆ ಕೋಚ್ ಫೋನ್. ಹಿಂದೆ ಅರ್ಲೀನ್ ಪಾತ್ರೆ ತೊಳೆಯೋ ಸದ್ದು.

“ಹೇಳ್ತೀರಾ?”

“ಹೇಳ್ತೀನಿ.”

“ಹೇಳಿ. ಆದರೆ ಓಣಿಯಿಂದ ಶುರು ಮಾಡಬೇಡಿ. ನವೆಂಬರ್ ಐದು ಅಂತ ದಿನ ಇಟ್ಟಿದ್ದು ಯಾರು, ಕೈಯೆತ್ತಿದ್ದು ಯಾರ್ಯಾರು, ಅಲ್ಲಿಂದ ಶುರು ಮಾಡಿ.” ಆಮೇಲೆ: “ನಾನೂ ಬರ್ತೀನಿ. ಹುಡುಗನ ಹೆಲ್ಮೆಟ್ ನನ್ನ ಹತ್ತಿರಾನೇ ಇದೆ. ಬೀರುವಲ್ಲಿಟ್ಟು ಬೀಗ ಹಾಕಿದೀನಿ.”

ಇಟ್ಟರು. ಇನ್ನಷ್ಟು ಕಾಲಕ್ಕೆ ಈ ಮನುಷ್ಯ ಯೋಗ್ಯನಾ? ತಿಂಗಳ ಹಿಂದೆ ಕೇಳಿದ್ರೆ ಮೇಜು ಗುದ್ದಿ ಹೌದು ಅಂತಿದ್ದೆ. ಈಗ — ಅವನಿಗೆ ನಾವು ಕೊಟ್ಟಿದ್ದು ಕಾಲವೇ ಅಲ್ಲ, ಗಡುವು. ಅದಕ್ಕೆ ಕೈಯೆತ್ತಿದವರಲ್ಲಿ ಮೊದಲ ಹೆಸರು ನನ್ನದೇ, ಅರ್ನೆಸ್ಟೀನ್ ಪಿಕೆಟ್. ಪತ್ರಿಕೆಯವರು ಬರೆದುಕೊಳ್ಳಲಿ. ಅದಾದ ಮೇಲೆ ಬ್ಲೆಡ್ಸೊ. ಅದಾದ ಮೇಲೆ ಓಣಿ, ಕೋಚ್, ಬಾಯಿ ತೆರೆಯದ ನಾನು. ಒಬ್ಬರ ಹೆಸರನ್ನೂ ಬಿಡೋದಿಲ್ಲ. ಇಷ್ಟಾದ ಮೇಲೆ ಕೋಚ್‌ಗೆ ಏನುಳಿಯುತ್ತೋ, ನನಗೇನುಳಿಯುತ್ತೋ —

ಸಭೆ ನಾಳೆ. ಶುಕ್ರವಾರ. ಬೆಳಿಗ್ಗೆ ಏಳು ಗಂಟೆ.